ಬಿಲ್ಲೆಯ ಮೇಲೆ ಧಣಿಯ ಹೆಸರು, ಕಾರಿನೊಳಗೆ ಮ್ಯಾನೇಜರನ ಜೀವ!

ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾದು ನಿಲ್ಲುವವರ ಕಣ್ಣಿಗೆ ಕೆಲವು ವರ್ಷಗಳಿಂದ ಒಂದು ಗುರುತು ಬೀಳುತ್ತಿದೆ. ಭರ್ರನೆ ಬರುವ ದೊಡ್ಡ ಕಾರಿನ ಮೂತಿಯ ಮೇಲೆ ಎಂಟು ಮೂಲೆಯ ಬಿಲ್ಲೆ. ಅದರೊಳಗೆ ಎಂ. ಮತ್ತು ಜಿ. ಎಂಬ ಎರಡು ಇಂಗ್ಲಿಷ್ ಅಕ್ಷರ. 2019ರಲ್ಲಿ ಹೆಕ್ಟರ್ ಎಂಬ ಕಾರಿನ ಜೊತೆ ಈ ಬಿಲ್ಲೆ ನಮ್ಮ ದೇಶದ ಪೇಟೆಗೆ ಬಂತು. ಕಾರು ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ. ಹೆಸರಿನ ಒಡೆತನ ಚೀನಾ ಕಂಪೆನಿಯದು.

ಎಂ.ಜಿ. ಅಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಮಹಾತ್ಮ ಗಾಂಧಿ ರಸ್ತೆ. ಇದು ಆ ಎಂ.ಜಿ. ಅಲ್ಲ ಬಿಡಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನ ಮಾರಿಸ್ ಗ್ಯಾರೇಜಸ್ ಎಂಬ ರಿಪೇರಿ ಅಂಗಡಿಯ ಮೊದಲಕ್ಷರಗಳು ಇವು. ಮಾರಿಸ್ ಅಂದರೆ ಅಂಗಡಿಯ ಧಣಿ. ಆದರೆ ಈ ಎರಡು ಅಕ್ಷರಕ್ಕೆ ಜಗತ್ತಿನಲ್ಲೆಲ್ಲಾ ಬೆಲೆ ತಂದುಕೊಟ್ಟವನು ಧಣಿಯಲ್ಲ, ಆ ಅಂಗಡಿಯ ಸಂಬಳದ ಮ್ಯಾನೇಜರ್. ಹೆಸರು ಸೆಸಿಲ್ ಕಿಂಬರ್.

ಇಪ್ಪತ್ತು ವರ್ಷ ಆ ಅಂಗಡಿಗೆ, ಆ ಕಾರ್ಖಾನೆಗೆ ದುಡಿದ. ಕಡೆಗೆ ಅಲ್ಲಿಂದಲೇ ಹೊರಗೆ ಹಾಕಿಸಿಕೊಂಡ. ಕಾರುಗಳಲ್ಲೇ ಬದುಕು ಸವೆಸಿದ ಮನುಷ್ಯ ಸತ್ತದ್ದು ರೈಲಿನಲ್ಲಿ. ಅವನು ಸತ್ತ ಎಂಟೇ ತಿಂಗಳಿಗೆ ಅವನ ದಾರಿಯಲ್ಲೇ ಹುಟ್ಟಿದ ಒಂದು ಪುಟ್ಟ ಕಾರು ಸಮುದ್ರ ದಾಟಿ ಹೋಗಿ ಅಮೆರಿಕದವರಿಗೆ ಹುಚ್ಚು ಹಿಡಿಸಿತು. ಆ ಕಾರುಗಳನ್ನು ಇವತ್ತಿಗೂ ಮಕ್ಕಳಂತೆ ಸಾಕಿ, ಭಾನುವಾರ ಬಂದರೆ ರಸ್ತೆಗಿಳಿಸುವ ಜನ ದೇಶದೇಶಗಳಲ್ಲಿದ್ದಾರೆ.

ಒಂದು ವಸ್ತು ನಿಜಕ್ಕೂ ಯಾರದ್ದು? ದುಡ್ಡು ಹಾಕಿದವನದೋ, ಕೈಯಾರೆ ಮಾಡಿದವನದೋ, ಅಥವಾ ಉಳಿಸಿಕೊಂಡು ಬಂದವನದೋ? ಮಂಡಿಪೇಟೆಯಲ್ಲಿ ಇನ್ನೊಬ್ಬರ ಗಲ್ಲಾ ಕಾಯುತ್ತ ಕೂದಲು ನೆರೆಸಿಕೊಂಡ ಎಷ್ಟೋ ಜನ ತಮ್ಮೊಳಗೇ ಕೇಳಿಕೊಂಡಿರುವ ಪ್ರಶ್ನೆ ಇದು. ಕಿಂಬರನ ಕಥೆಯಲ್ಲಿ ಅದಕ್ಕೆ ಒಂದು ಥರದ ಉತ್ತರ ಇದೆ.

ಕಾಲು ಮುರಿದು ಬಂದ ದುಡ್ಡು

ಕಿಂಬರ್ ಹುಟ್ಟಿದ್ದು 1888ರ ಏಪ್ರಿಲ್ 12ರಂದು, ಲಂಡನ್ನಿನಲ್ಲಿ. ಅಪ್ಪನದು ಅಚ್ಚಿನ ಶಾಯಿಯ ವ್ಯಾಪಾರ. ಮುಂದೆ ಸಂಸಾರ ಉತ್ತರದ ಮ್ಯಾಂಚೆಸ್ಟರ್ ಕಡೆಗೆ ಹೋಯಿತು. ಹುಡುಗ ಸ್ಟಾಕ್‌ಪೋರ್ಟಿನ ಶಾಲೆಯಲ್ಲಿ ಓದಿದ. ಆಮೇಲೆ ಅಪ್ಪನ ಅಂಗಡಿಯಲ್ಲೇ ಕೆಲಸಕ್ಕೆ ಕೂತ.

ಕೂತದ್ದು ಶಾಯಿಯ ಅಂಗಡಿಯಲ್ಲಾದರೂ ಮನಸ್ಸೆಲ್ಲಾ ಮೋಟಾರ್ ಸೈಕಲ್ಲಿನ ಮೇಲೆ. ಆಗಿನ ಕಾಲಕ್ಕೆ ಅದು ಹೊಸ ಹುಚ್ಚು. ಒಂದು ದಿನ ಆ ಹುಚ್ಚಿಗೆ ಬೆಲೆ ಕೊಡಬೇಕಾಗಿ ಬಂತು. ಅಪಘಾತವಾಗಿ ಕಾಲು ನುಜ್ಜುಗುಜ್ಜಾಯಿತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ನಡೆದು ಕಾಲೇನೋ ಉಳಿಯಿತು. ಆದರೆ ಒಂದು ಕಾಲು ಇನ್ನೊಂದಕ್ಕಿಂತ ಎರಡು ಅಂಗುಲ ಗಿಡ್ಡವಾಗಿ, ಜೀವನಪೂರ್ತಿ ಕುಂಟುತ್ತಲೇ ನಡೆದ.

ಅಪಘಾತಕ್ಕೆ ಪರಿಹಾರದ ಹಣ ಬಂತು. ಬೇರೆಯವರಾಗಿದ್ದರೆ ಇನ್ನು ಗಾಡಿಯ ಸಹವಾಸವೇ ಬೇಡಪ್ಪಾ ಅಂತ ಬ್ಯಾಂಕಿನಲ್ಲಿಡುತ್ತಿದ್ದರು. ಈ ಪುಣ್ಯಾತ್ಮ ಅದೇ ದುಡ್ಡಿನಲ್ಲಿ ಒಂದು ಸಿಂಗರ್ ಕಾರು ಕೊಂಡ!

ಮನೆಯಲ್ಲಿ ಇದೇ ಜಗಳಕ್ಕೆ ಕಾರಣವಾಯಿತು. ಅಪ್ಪನ ವ್ಯಾಪಾರ ಆಗಲೇ ಇಳಿಮುಖ. ಮಗನ ಪರಿಹಾರದ ಹಣ ಅಂಗಡಿಗೆ ಬಂದರೆ ಚೇತರಿಸಿಕೊಳ್ಳಬಹುದು ಅಂತ ಅಪ್ಪನ ಲೆಕ್ಕ. ಮಗ ಒಪ್ಪಲಿಲ್ಲ. ಆವತ್ತು ಮುರಿದ ಮಾತು ಮತ್ತೆ ಕೂಡಲಿಲ್ಲ. ಅಪ್ಪ ಸಾಯುವವರೆಗೂ ಮಗನನ್ನು ಮಾತನಾಡಿಸಲಿಲ್ಲವೆಂದು ಕಿಂಬರನ ಬದುಕು ಬರೆದವರು ಹೇಳುತ್ತಾರೆ. ಕಾಲೂ ಹೋಯಿತು, ಅಪ್ಪನೂ ದೂರವಾದ. ಉಳಿದದ್ದು ಕಾರು ಒಂದೇ.

ಅಂಬಾಸಿಡರ್ ನೆಂಟಸ್ತಿಕೆ

ಅಪ್ಪನ ಅಂಗಡಿ ಬಿಟ್ಟವನು ಒಂದಾದ ಮೇಲೊಂದು ಕೆಲಸ ಹಿಡಿದ. ಶೆಫೀಲ್ಡಿನ ಕಾರು ಕಂಪೆನಿ, ಆಮೇಲೆ ಎ.ಸಿ. ಕಾರ್ಸ್, ಮೊದಲ ಮಹಾಯುದ್ಧದಲ್ಲಿ ವಿಮಾನ ಮಾಡುವ ಕಾರ್ಖಾನೆ, ಬಳಿಕ ಬರ್ಮಿಂಗ್‌ಹ್ಯಾಮಿನ ಬಿಡಿಭಾಗಗಳ ಕಂಪೆನಿ. ಕಾಗದದ ಪದವಿ ಯಾವುದೂ ಇರಲಿಲ್ಲ. ನೋಡಿ ಕಲಿತದ್ದೇ ವಿದ್ಯೆ. 1921ರಲ್ಲಿ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್‌ಗೆ ಮಾರಾಟದ ಮ್ಯಾನೇಜರನಾಗಿ ಬಂದ. ಮರುವರ್ಷವೇ ಇಡೀ ಗ್ಯಾರೇಜಿನ ಜನರಲ್ ಮ್ಯಾನೇಜರ್ ಆದ.

ಧಣಿ ವಿಲಿಯಂ ಮಾರಿಸ್‌ನ ವಿಷಯ ಇಲ್ಲಿ ಒಂದಿಷ್ಟು ಹೇಳಬೇಕು. 1877ರಲ್ಲಿ ಹುಟ್ಟಿದ ಈತ ಸೈಕಲ್ ರಿಪೇರಿಯಿಂದ ಮೇಲೆ ಬಂದವನು. ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ಕಾರ್ಖಾನೆ ಹಾಕಿ ಮಧ್ಯಮ ವರ್ಗದವರ ಕೈಗೆಟಕುವ ಕಾರುಗಳನ್ನು ಸಾವಿರಗಟ್ಟಲೆ ತಯಾರಿಸಿದ. ಈತನ ಕಂಪೆನಿಯ ಕಾರು ನಮ್ಮವರಿಗೂ ಹೊಸದಲ್ಲ. ಹಿಂದೂಸ್ತಾನ್ ಮೋಟಾರ್ಸ್‌ನವರು ಶುರುವಿನಲ್ಲಿ ಮಾರಿದ ಹಿಂದೂಸ್ತಾನ್ 10 ಎಂಬುದು ಮಾರಿಸ್ ಟೆನ್ ಕಾರೇ. ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳನ್ನೂ ಮಂತ್ರಿಗಳ ಮನೆಯಂಗಳವನ್ನೂ ದಶಕಗಳ ಕಾಲ ಆಳಿ, 2014ರಲ್ಲಿ ನಿಂತುಹೋದ ಅಂಬಾಸಿಡರ್ ಕೂಡ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್. ಅಂದರೆ ಅಂಬಾಸಿಡರ್‌ಗೂ ಎಂ.ಜಿ.ಗೂ ಹತ್ತಿರದ ನೆಂಟಸ್ತಿಕೆ. ಒಂದೇ ಮನೆತನದ ಅಣ್ಣ ಮತ್ತು ತಮ್ಮ ಅನ್ನಬಹುದು. ಅಣ್ಣ ಸಂಸಾರವಂದಿಗ, ತಮ್ಮ ಶೋಕಿಲಾಲ.

ಹಳೇ ಚಾಸಿಗೆ ಹೊಸ ಅಂಗಿ

ಗ್ಯಾರೇಜಿನ ಕೆಲಸ ಏನು? ಧಣಿಯ ಕಾರ್ಖಾನೆಯಿಂದ ಬಂದ ಕಾರುಗಳನ್ನು ಮಾರುವುದು, ಕೆಟ್ಟರೆ ರಿಪೇರಿ ಮಾಡುವುದು. ಅಷ್ಟು ಮಾಡಿಕೊಂಡಿದ್ದರೂ ಸಂಬಳ ಬರುತ್ತಿತ್ತು. ಆದರೆ ಕಿಂಬರನ ಕಣ್ಣು ಬೇರೆ. ಅದೇ ಅಗ್ಗದ ಮಾರಿಸ್ ಕಾರಿನ ಚಾಸಿಯನ್ನು ಸ್ವಲ್ಪ ತಗ್ಗಿಸಿ, ಸ್ಪ್ರಿಂಗು ಬದಲಿಸಿ, ಎಂಜಿನ್ನಿಗೆ ಸ್ವಲ್ಪ ಹುರುಪು ಕೊಟ್ಟು, ಮೇಲೆ ಅಂದವಾದ ಎರಡು ಸೀಟಿನ ಬಾಡಿ ಕೂರಿಸಿದರೆ? ಕಾರಿಗೆ ಬೇಕಾದ ಸಾಮಾನು ಯಾವ ಊರಿನ ಮಾರಿಸ್ ಅಂಗಡಿಯಲ್ಲಾದರೂ ಸಿಗುತ್ತದೆ. ನೋಟ ಮಾತ್ರ ಶ್ರೀಮಂತರ ಕಾರಿನದು.

1923ರಿಂದ ಇಂಥ ಕಾರುಗಳು ಹೊರಬಂದವು. 1924ರಲ್ಲಿ ಎಂಟು ಮೂಲೆಯ ಗುರುತನ್ನು ನೋಂದಣಿಗೆ ಹಾಕಿದರು. ಆ ಗುರುತು ಬರೆದವನು ದೊಡ್ಡ ಕಲಾವಿದನೇನಲ್ಲ, ಅದೇ ಗ್ಯಾರೇಜಿನ ಲೆಕ್ಕಪತ್ರ ನೋಡುತ್ತಿದ್ದ ಗುಮಾಸ್ತ ಎಂಬುದು ಎಂ.ಜಿ. ಇತಿಹಾಸದಲ್ಲಿ ಪ್ರಸಿದ್ಧ. ಕಿಂಬರನಿಗೆ ಆ ಎಂಟು ಮೂಲೆ ಎಷ್ಟು ಹಿಡಿಸಿತೆಂದರೆ ಆಮೇಲೆ ಕಾರಿನಲ್ಲಿ ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲಾ ಅದೇ ಆಕಾರ ಕೂರಿಸಿದ.

1925ರಲ್ಲಿ ತನಗಾಗಿಯೇ ಒಂದು ವಿಶೇಷ ಕಾರು ಕಟ್ಟಿಸಿದ. ಖರ್ಚು 279 ಪೌಂಡ್. ಆ ವರ್ಷದ ಈಸ್ಟರ್ ಹಬ್ಬಕ್ಕೆ ಲ್ಯಾಂಡ್ಸ್ ಎಂಡ್ ಟ್ರಯಲ್ ಎಂಬ ಪರೀಕ್ಷೆಗೆ ಅದನ್ನು ತಾನೇ ಓಡಿಸಿಕೊಂಡು ಹೋದ. ಇದು ರೇಸಲ್ಲ. ಗುಡ್ಡ, ಕೆಟ್ಟ ರಸ್ತೆ, ಕಡಿದಾದ ಏರುಗಳಲ್ಲಿ ಎಲ್ಲೂ ನಿಲ್ಲದೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಗಿಡ್ಡ ಕಾಲಿನ ಮನುಷ್ಯ ಚಿನ್ನದ ಪದಕ ತಂದ.

ಈ ಕಾರಿನ ಮುಂದಿನ ಗತಿ ಕೇಳಿ. ಪದಕ ಬಂದ ಮೇಲೆ ಕಿಂಬರ್ ಅದನ್ನು ಸ್ನೇಹಿತನೊಬ್ಬನಿಗೆ 300 ಪೌಂಡಿಗೆ ಮಾರಿಬಿಟ್ಟ. ಎಲ್ಲೆಲ್ಲೋ ಕೈ ಬದಲಾಗಿ ಕೊನೆಗೆ ಅದು ಗುಜರಿ ಸೇರಿತ್ತು. ಕೆಲವು ವರ್ಷಗಳ ಮೇಲೆ ಕಂಪೆನಿಯವರ ಕಣ್ಣಿಗೆ ಬಿದ್ದು 15 ಪೌಂಡಿಗೆ ವಾಪಸು ಬಂತು. ಹಳೇ ನಂಬರ್ ಒಂದು ಅಂತ ಅದಕ್ಕೆ ಹೆಸರಿಟ್ಟರು. ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೇ ಎಂ.ಜಿ. ಕಾರುಗಳು ಬಂದಿದ್ದವು. ಆದರೂ ಹೆಸರು ನಿಂತುಬಿಟ್ಟಿತು. ಇವತ್ತು ಅದು ಇಂಗ್ಲೆಂಡಿನ ಗೇಡನ್ ಎಂಬಲ್ಲಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಆಸ್ತಿ. 15 ಪೌಂಡಿನ ಗುಜರಿಗೆ ಈಗ ಬೆಲೆ ಕಟ್ಟುವವರು ಯಾರು?

175 ಪೌಂಡಿನ ಮರಿ

ಸ್ಪೋರ್ಟ್ಸ್ ಕಾರು ಅಂದರೆ ಆಗ ಲಾರ್ಡುಗಳ, ಜಮೀನ್ದಾರರ ಮಕ್ಕಳ ಸೊತ್ತು. ಗುಮಾಸ್ತ, ಮೇಷ್ಟರು, ಸಣ್ಣ ಅಂಗಡಿಯವನು ದೂರದಿಂದ ನೋಡಿ ನಿಟ್ಟುಸಿರು ಬಿಡಬೇಕು. ಕಿಂಬರ್ ಈ ಲೆಕ್ಕವನ್ನೇ ತಲೆಕೆಳಗು ಮಾಡಿದ.

1928ರಲ್ಲಿ ಧಣಿಯ ಕಾರ್ಖಾನೆ ಮಾರಿಸ್ ಮೈನರ್ ಎಂಬ ಸಣ್ಣ ಕಾರು ತಂದಿತು. ಎಂಜಿನ್ 847 ಸಿ.ಸಿ. ಅದರ ಚಾಸಿ ತೆಗೆದುಕೊಂಡು ಕಿಂಬರ್ ಮೇಲೆ ಹಗುರವಾದ ಎರಡು ಸೀಟಿನ ಬಾಡಿ ಕೂರಿಸಿದ. ಪ್ಲೈವುಡ್ಡಿನ ಮೇಲೆ ಬಟ್ಟೆ ಹೊದಿಸಿದ ಬಾಡಿ, ಹಿಂಭಾಗ ದೋಣಿಯ ಹಾಗೆ ಚೂಪು. ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಇಟ್ಟ ಬೆಲೆ 175 ಪೌಂಡ್. ಹೆಸರು ಮಿಜೆಟ್, ಅಂದರೆ ಕುಳ್ಳ. ಮೂರು ಸಾವಿರಕ್ಕೂ ಹೆಚ್ಚು ಕಾರುಗಳು ಖರ್ಚಾದವು. ಆಗಿನ ಸ್ಪೋರ್ಟ್ಸ್ ಕಾರಿನ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ.

ಗ್ಯಾರೇಜಿನ ಜಾಗ ಸಾಲದಾಯಿತು. 1929ರಲ್ಲಿ ಆಕ್ಸ್‌ಫರ್ಡಿಗೆ ಹತ್ತಿರದ ಅಬಿಂಗ್ಡನ್ ಎಂಬ ಊರಿನ ಹಳೆಯ ಚರ್ಮದ ಕಾರ್ಖಾನೆಗೆ ಎಂ.ಜಿ. ಸ್ಥಳಾಂತರವಾಯಿತು. 1930ರಲ್ಲಿ ಎಂ.ಜಿ. ಕಾರ್ ಕಂಪೆನಿ ಬೇರೆಯಾಗಿ ನೋಂದಣಿಯಾಗಿ, ಕಿಂಬರ್ ಅದರ ಮ್ಯಾನೇಜಿಂಗ್ ಡೈರೆಕ್ಟರ್ ಆದ. ಹುದ್ದೆ ದೊಡ್ಡದಾಯಿತು. ಕಂಪೆನಿಯ ಹಿಡಿತ ಮಾತ್ರ ಧಣಿಯ ಕೈಲೇ ಉಳಿಯಿತು. ಅದೇ ವರ್ಷ ಕಾರು ಕೊಂಡವರು ತಾವೇ ಸೇರಿ ಎಂ.ಜಿ. ಕಾರ್ ಕ್ಲಬ್ ಕಟ್ಟಿಕೊಂಡರು. ಈ ಕ್ಲಬ್ಬಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆಮೇಲಿನ ಐದು ವರ್ಷ ಕಿಂಬರನ ಸುಗ್ಗಿ. 1931ರಲ್ಲಿ ಜಾರ್ಜ್ ಐಸ್ಟನ್ ಎಂಬ ಸಾಹಸಿ ಪ್ಯಾರಿಸ್ ಹತ್ತಿರದ ಮಾಂಟ್ಲೆರಿ ಟ್ರ್ಯಾಕಿನಲ್ಲಿ 750 ಸಿ.ಸಿ. ಎಂ.ಜಿ.ಯನ್ನು ಗಂಟೆಗೆ 100 ಮೈಲಿಗೂ ಮೇಲೆ ಓಡಿಸಿದ. ಅಷ್ಟು ಸಣ್ಣ ಎಂಜಿನ್ನಿನ ಕಾರು ಆ ವೇಗ ಮುಟ್ಟಿದ್ದು ಜಗತ್ತಿನಲ್ಲೇ ಮೊದಲು. ಅದೇ ವರ್ಷ ಮತ್ತೊಂದು ದಾಖಲೆ ಮಾಡುವಾಗ ಕಾರಿಗೆ ಬೆಂಕಿ ಹತ್ತಿ, ಐಸ್ಟನ್ ಓಡುವ ಕಾರಿನಿಂದ ಹಾರಿ ಜೀವ ಉಳಿಸಿಕೊಂಡ! 1933ರಲ್ಲಿ ಇಟಲಿಯ ಸಾವಿರ ಮೈಲಿ ರೇಸಿನಲ್ಲಿ ಎಂ.ಜಿ. ತಂಡ ಇಟಲಿಯವರ ನೆಲದಲ್ಲೇ ತಂಡದ ಬಹುಮಾನ ಕಿತ್ತುಕೊಂಡಿತು. ಅದೇ ವರ್ಷ ಉತ್ತರ ಐರ್ಲೆಂಡಿನ ಟೂರಿಸ್ಟ್ ಟ್ರೋಫಿ ರೇಸನ್ನು ಇಟಲಿಯ ಮಹಾ ಚಾಲಕ ನುವೊಲಾರಿ ಗೆದ್ದದ್ದು ಎಂ.ಜಿ. ಓಡಿಸಿ.

ಕಿಂಬರನಿಗೆ ರೇಸು ಬರೀ ಶೋಕಿಯಾಗಿರಲಿಲ್ಲ. ರೇಸಿನಲ್ಲಿ ಮುರಿದದ್ದನ್ನು ನೋಡಿ ಮಾರುವ ಕಾರಿನಲ್ಲಿ ಸರಿಪಡಿಸಬಹುದು ಎಂಬ ಲೆಕ್ಕ ಅದರಲ್ಲಿತ್ತು. ವೇಗವೂ ಬೇಕು, ಓಡಿಸುವವನ ಜೀವವೂ ಉಳಿಯಬೇಕು ಎಂಬುದೇ ಕಂಪೆನಿಯ ಜಾಹೀರಾತಿನ ಮುಖ್ಯ ಮಾತಾಗಿತ್ತು.

ಧಣಿಯ ಲೆಕ್ಕವೇ ಬೇರೆ

ಧಣಿ ಮಾರಿಸ್ ಈ ಹೊತ್ತಿಗೆ ಲಾರ್ಡ್ ನಫೀಲ್ಡ್ ಆಗಿದ್ದ. ಕೆಟ್ಟ ಮನುಷ್ಯ ಅನ್ನುವ ಹಾಗಿಲ್ಲ. ಆಸ್ಪತ್ರೆಗೆ, ವೈದ್ಯಕೀಯ ವಿದ್ಯೆಗೆ, ಕಾಲೇಜಿಗೆ ಕೋಟಿಗಟ್ಟಲೆ ದಾನ ಕೊಟ್ಟ. ಆದರೆ ರೇಸಿಗೆ ದುಡ್ಡು ಸುರಿಯುವುದೆಂದರೆ ಅವನಿಗೆ ಆಗದು. ಮಾರುವ ಕಾರಿಗೂ ರೇಸಿಗೂ ಏನು ಸಂಬಂಧ ಎಂಬ ಪೈಕಿ ಅವನು.

1935ರಲ್ಲಿ ತನ್ನ ಕೈಲಿದ್ದ ಎಂ.ಜಿ. ಕಂಪೆನಿಯನ್ನು ತನ್ನದೇ ಮಾರಿಸ್ ಮೋಟಾರ್ಸ್‌ಗೆ ಮಾರಿಬಿಟ್ಟ. ಎಡಗೈಯಿಂದ ಬಲಗೈಗೆ ಹಾಕಿದ ಹಾಗೆ. ಮಾರಿಸ್ ಮೋಟಾರ್ಸ್‌ನ ಉಸ್ತುವಾರಿ ಆಗ ಲಿಯೊನಾರ್ಡ್ ಲಾರ್ಡ್ ಎಂಬ ಕಟ್ಟುನಿಟ್ಟಿನ ಆಸಾಮಿಯದು. ಅವನು ಬಂದವನೇ ರೇಸಿನ ವಿಭಾಗಕ್ಕೆ ಬೀಗ ಜಡಿದ. ಕಾರು ರೂಪಿಸುವ ಕೆಲಸವನ್ನು ಅಬಿಂಗ್ಡನ್ನಿನಿಂದ ಕಿತ್ತು ಕೌಲಿಗೆ ಒಯ್ದ.

ಕಿಂಬರ್ ಕುರ್ಚಿಯಲ್ಲಿ ಉಳಿದ. ಆದರೆ ಸ್ವಂತ ನಿರ್ಧಾರ ಹೋಯಿತು. ಹದಿನಾಲ್ಕು ವರ್ಷ ಕಟ್ಟಿದ್ದಕ್ಕೆ ತಾನು ಯಜಮಾನನಲ್ಲ ಎಂಬುದು ಒಂದೇ ಸಹಿಯಲ್ಲಿ ತಿಳಿದುಹೋಯಿತು.

ಆದರೂ ಬಿಟ್ಟು ಹೋಗಲಿಲ್ಲ. ಸಿಕ್ಕ ಅವಕಾಶದಲ್ಲೇ ಕೆಲಸ ನಡೆಸಿದ. 1936ರಲ್ಲಿ ಟಿ.ಎ. ಎಂಬ ಮಿಜೆಟ್ ಬಂತು. 1939ರಲ್ಲಿ 1,250 ಸಿ.ಸಿ. ಎಂಜಿನ್ನಿನ ಟಿ.ಬಿ. ಬಂತು. ಆ ಎಂಜಿನ್ನಿನ ಬೇರು ಮಾರಿಸ್ ಟೆನ್ ಎಂಬ ಸಂಸಾರದ ಕಾರಿನಲ್ಲಿ, ಅಂದರೆ ನಮ್ಮ ಹಿಂದೂಸ್ತಾನ್ 10 ಆದ ಕಾರಿನಲ್ಲೇ ಇತ್ತು. ಅದೇ 1939ರಲ್ಲಿ ಗೋಲ್ಡಿ ಗಾರ್ಡ್‌ನರ್ ಎಂಬುವನು ಜರ್ಮನಿಯ ಹೆದ್ದಾರಿಯಲ್ಲಿ 1,100 ಸಿ.ಸಿ. ಎಂ.ಜಿ.ಯನ್ನು ಗಂಟೆಗೆ 200 ಮೈಲಿ ದಾಟಿಸಿದ. ಕೆಲವೇ ತಿಂಗಳಲ್ಲಿ ಅದೇ ಜರ್ಮನಿಯ ಮೇಲೆ ಯುದ್ಧ ಶುರು.

ಕೆಲಸ ತಂದದ್ದೇ ತಪ್ಪಾಯಿತು

ಯುದ್ಧ ಬಂದ ಮೇಲೆ ಸ್ಪೋರ್ಟ್ಸ್ ಕಾರು ಯಾರಿಗೆ ಬೇಕು? ಅಬಿಂಗ್ಡನ್ ಕಾರ್ಖಾನೆಯ ಯಂತ್ರಗಳನ್ನೆಲ್ಲಾ ಬದಿಗೆ ಸರಿಸಿದರು. ಕೈಲಿ ಕೆಲಸವಿಲ್ಲ, ಎದುರಿಗೆ ನುರಿತ ಕೆಲಸಗಾರರಿದ್ದಾರೆ. ಕಿಂಬರ್ ಸುಮ್ಮನೆ ಕೂರುವ ಪೈಕಿಯಲ್ಲ. ತಾನೇ ಓಡಾಡಿ ಸೈನ್ಯದ ರಿಪೇರಿ ಕೆಲಸ ಹಿಡಿದುಕೊಂಡು ಬಂದ. ಆಲ್ಬಮಾರ್ಲ್ ಎಂಬ ಯುದ್ಧವಿಮಾನದ ಮೂತಿಯ ಭಾಗ ಕಟ್ಟುವ ಗುತ್ತಿಗೆಯನ್ನೂ ತಂದ. ಅದು ಬೇರೆ ಕಾರ್ಖಾನೆಗಳು ಬೇಡವೆಂದು ಬಿಟ್ಟ ತೊಡಕಿನ ಕೆಲಸ.

ಆದರೆ ಮೇಲಿನವರನ್ನು ಕೇಳದೆ ತಂದಿದ್ದ. ಅದೇ ತಪ್ಪಾಯಿತು. 1941ರ ಕೊನೆಯಲ್ಲಿ ನಫೀಲ್ಡ್ ಕಂಪೆನಿಗಳ ಉಪಾಧ್ಯಕ್ಷ ಮೈಲ್ಸ್ ಥಾಮಸ್ ಅಬಿಂಗ್ಡನ್ನಿಗೆ ಬಂದು ಕಿಂಬರನ ರಾಜೀನಾಮೆ ಕೇಳಿದ. ದೊಡ್ಡ ಸಂಸ್ಥೆಯ ಶಿಸ್ತಿಗೆ ಒಗ್ಗದವನು, ತನ್ನದೇ ಪಾಳೆಯಪಟ್ಟು ನಡೆಸುವವನು ಎಂಬುದು ಆಪಾದನೆ. ಅದರಲ್ಲಿ ಸ್ವಲ್ಪ ನಿಜವೂ ಇದ್ದಿರಬೇಕು. ತಾನೇ ಕಟ್ಟಿದ ಮನೆಯಲ್ಲಿ ಪ್ರತಿ ಬಾಗಿಲಿಗೂ ಅಪ್ಪಣೆ ಕೇಳಿ ಓಡಾಡುವುದು ಎಲ್ಲರಿಗೂ ಆಗುವುದಿಲ್ಲ.

ಇಪ್ಪತ್ತು ವರ್ಷದ ದುಡಿಮೆ ಹಾಗೆ ಮುಗಿಯಿತು. ಕಿಂಬರನಿಗೆ ಆಗ 53 ವಯಸ್ಸು. ಕವೆಂಟ್ರಿಯ ಒಂದು ಬಾಡಿ ಕಟ್ಟುವ ಕಂಪೆನಿಗೆ ಹೋದ. ಆಮೇಲೆ ಲಂಡನ್ನಿನ ಪಿಸ್ಟನ್ ತಯಾರಿಸುವ ಕಂಪೆನಿ ಸೇರಿದ.

ಸುರಂಗದಲ್ಲಿ ಜಾರಿದ ರೈಲು

1945ರ ಫೆಬ್ರವರಿ 4, ಭಾನುವಾರ. ಕಂಪೆನಿಯ ಕೆಲಸದ ಮೇಲೆ ಪೀಟರ್‌ಬರೋ ಊರಿಗೆ ಹೊರಟಿದ್ದ ಕಿಂಬರ್ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಸಂಜೆ ಆರರ ಲೀಡ್ಸ್ ರೈಲು ಹತ್ತಿದ. ಹದಿನೇಳು ಡಬ್ಬಿಗಳ ಭಾರದ ಗಾಡಿ. ನಿಲ್ದಾಣ ಬಿಟ್ಟ ಕೂಡಲೇ ಸುರಂಗ, ಸುರಂಗದೊಳಗೇ ಏರು. ಅಲ್ಲಿ ಹೊಸದಾಗಿ ಹಾಕಿದ ಹಳಿಯ ಮೇಲೆ ಎಂಜಿನ್ನಿನ ಗಾಲಿಗಳು ಹಿಡಿತ ಸಿಗದೆ ತಿರುಗಿದಲ್ಲೇ ತಿರುಗಿದವು. ರೈಲು ನಿಂತಿತು. ನಿಂತದ್ದು ಮೆಲ್ಲನೆ ಹಿಂದಕ್ಕೆ ಜಾರತೊಡಗಿತು. ಕತ್ತಲು, ಹೊಗೆ. ಹಿಂದಕ್ಕೆ ಹೋಗುತ್ತಿರುವುದು ಚಾಲಕನಿಗೇ ತಿಳಿಯಲಿಲ್ಲ.

ಸಿಗ್ನಲ್ ಕೊಠಡಿಯವನು ನೋಡಿದ. ಜಾರಿ ಬರುತ್ತಿರುವ ಗಾಡಿಯನ್ನು ಖಾಲಿ ಪ್ಲಾಟ್‌ಫಾರಂ ಕಡೆ ತಿರುಗಿಸಲು ಹಳಿ ಬದಲಿಸಿದ. ಕ್ಷಣ ತಡವಾಯಿತು. ಕೊನೆಯ ಡಬ್ಬಿ ಹಳಿ ತಪ್ಪಿ ಸಿಗ್ನಲ್ ಕಂಬಕ್ಕೆ ಅಪ್ಪಳಿಸಿತು. ಇಬ್ಬರು ಪ್ರಯಾಣಿಕರು ಸತ್ತರು. ಅವರಲ್ಲೊಬ್ಬ ಸೆಸಿಲ್ ಕಿಂಬರ್. ವಯಸ್ಸು 56.

ಜೀವನವೆಲ್ಲಾ ವೇಗದ ಬೆನ್ನು ಹತ್ತಿದ್ದವನನ್ನು ನಡಿಗೆಯ ವೇಗದಲ್ಲಿ ಜಾರುತ್ತಿದ್ದ ಗಾಡಿ ಬಲಿ ತೆಗೆದುಕೊಂಡಿತು. ಯುದ್ಧ ಇನ್ನೂ ಮುಗಿದಿರಲಿಲ್ಲ.

ಅವನು ನೋಡದೆ ಹೋದ ಕಾರು

ಅದೇ 1945ರ ಅಕ್ಟೋಬರಿನಲ್ಲಿ ಅಬಿಂಗ್ಡನ್ನಿನವರು ಯುದ್ಧಾನಂತರದ ಮೊದಲ ಕಾರು ಪ್ರಕಟಿಸಿದರು. ಹೆಸರು ಟಿ.ಸಿ. ಕಿಂಬರನ ಕಾಲದ ಟಿ.ಬಿ.ಯನ್ನೇ ಸ್ವಲ್ಪ ಅಗಲ ಮಾಡಿ, ತಿದ್ದಿ ತೀಡಿದ ಕಾರು. ಚಾಸಿ ನಂಬರುಗಳು 251ರಿಂದ ಶುರುವಾಗುತ್ತಿದ್ದವು. ಕಾರಣ, ಅಬಿಂಗ್ಡನ್ ಕಾರ್ಖಾನೆಯ ಟೆಲಿಫೋನ್ ನಂಬರು 251! 1949ರವರೆಗೆ ಸುಮಾರು 10,000 ಕಾರುಗಳಾದವು. ಅದರಲ್ಲಿ ಐದನೇ ಒಂದು ಪಾಲು ಅಮೆರಿಕಕ್ಕೆ ಹೋದವು.

ಅಮೆರಿಕದವರದು ಎಡಗಡೆ ಸ್ಟೀರಿಂಗಿನ ದೇಶ. ಟಿ.ಸಿ.ಗೆ ಸ್ಟೀರಿಂಗು ಬಲಗಡೆಯೇ. ಆದರೂ ಮುಗಿಬಿದ್ದು ಕೊಂಡರು. 1961ರಲ್ಲಿ ವಿಶ್ವ ಚಾಂಪಿಯನ್ ಆದ ಫಿಲ್ ಹಿಲ್ ಆರಂಭದಲ್ಲಿ ಓಡಿಸಿದ್ದು ಟಿ.ಸಿ. ಮುಂದೆ ಕೋಬ್ರಾ ಕಾರು ಕಟ್ಟಿದ ಕ್ಯಾರಲ್ ಶೆಲ್ಬಿ 1952ರಲ್ಲಿ ರೇಸಿಗಿಳಿದದ್ದೂ ಟಿ.ಸಿ.ಯಲ್ಲೇ. ಇಂಗ್ಲೆಂಡಿನ ರಾಣಿಯನ್ನು ಮದುವೆಯಾಗುವ ಮುಂಚೆ ಫಿಲಿಪ್ ರಾಜಕುಮಾರ ಸುತ್ತಾಡುತ್ತಿದ್ದದ್ದು ಕೂಡ ಎಂ.ಜಿ.ಯಲ್ಲಿ.

ಅಂಥಾದ್ದೇನಿತ್ತು ಅದರಲ್ಲಿ? ಇವತ್ತು ಚೆನ್ನಾಗಿ ಉಳಿಸಿಕೊಂಡ ಒಂದು ಟಿ.ಸಿ.ಯಲ್ಲಿ ಕೂತರೆ ಮೊದಲು ಕಾಣುವುದು ಇಕ್ಕಟ್ಟು. ಬಾಗಿಲು ಮೊಣಕೈ ಹೊರಗಿಡುವಷ್ಟು ತಗ್ಗು, ತೆರೆಯುವುದೂ ಹಿಂದುಮುಂದಾಗಿ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದು. ಮಲಗಿಸಿದರೆ ಗಾಳಿ, ಧೂಳು, ಹುಳ ಎಲ್ಲಾ ಮುಖಕ್ಕೇ. 19 ಅಂಗುಲದ ಕಡ್ಡಿ ಚಕ್ರಗಳು, ಹಿಂದೆ ಚೌಕನೆಯ ಪೆಟ್ರೋಲ್ ಟ್ಯಾಂಕು, ಅದರ ಬೆನ್ನಿಗೆ ಸ್ಟೆಪ್ನಿ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಗಡಿಯಾರ ಓಡಿಸುವವನ ಎದುರಿಗೆ. ಎಷ್ಟು ವೇಗ ಎಂಬ ಗಡಿಯಾರ ಪಕ್ಕದಲ್ಲಿ ಕೂತವರ ಎದುರಿಗೆ! ಗಂಡ ಓಡಿಸಬೇಕು, ಹೆಂಡತಿ ನೋಡಿ ಗದರಿಸಬೇಕು.

ಶಕ್ತಿ ಬರೀ 54 ಕುದುರೆ. ಎಷ್ಟು ತುಳಿದರೂ ಗಂಟೆಗೆ 120 ಕಿಲೋಮೀಟರಿನ ಆಸುಪಾಸು. ಇವತ್ತಿನ ಸಾದಾ ಕಾರು ಇದನ್ನು ಹಿಂದಕ್ಕೆ ಹಾಕುತ್ತದೆ. ಆದರೆ ನೆಲಕ್ಕೆ ಹತ್ತಿರ ಕೂತು, ಗಟ್ಟಿ ಸ್ಪ್ರಿಂಗಿನ ಮೇಲೆ, ರಸ್ತೆಯ ಪ್ರತಿ ಕಲ್ಲೂ ಕೈಗೆ ತಿಳಿಯುವಾಗ 60 ಕಿಲೋಮೀಟರೇ 100ರ ಹಾಗೆ. ಮೊದಲ ಗೇರು ಓಡುವಾಗ ಸುಲಭಕ್ಕೆ ಬೀಳುವುದಿಲ್ಲ. ಹಳೇ ಲಾರಿ ಡ್ರೈವರುಗಳಿಗೆ ಗೊತ್ತಿರುವ ಡಬಲ್ ಕ್ಲಚ್ ವಿದ್ಯೆ ಇಲ್ಲಿ ಬೇಕು. ಕಾರು ಓಡಿಸುವವನಿಗೆ ಕೆಲಸ ಕೊಡುತ್ತದೆ. ಕೊಂಡವರಿಗೆ ಇಷ್ಟವಾದದ್ದೇ ಅದು.

ಸಾಕುವುದೂ ಅಷ್ಟೇ. ಬಾಡಿಯ ಹಂದರ ಆಶ್ ಎಂಬ ಮರದ್ದು, ಮೇಲೆ ತಗಡು. ನಮ್ಮ ಲಾರಿಗಳ ಕ್ಯಾಬಿನ್ನನ್ನು ಹಿಂದೆ ಬಡಗಿಗಳು ಕಟ್ಟುತ್ತಿದ್ದ ಹಾಗೆಯೇ. ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ. ಮೇಲೆ ಪಾಲಿಶು ಮಿಂಚುತ್ತಿದ್ದರೂ ಬಾಗಿಲು ಜೋತುಬಿದ್ದರೆ ಮರ ಹೋಗಿದೆ ಅಂತ ತಿಳಿಯಬೇಕು. ಚಕ್ರದ ಕಡ್ಡಿ ಬಿಗಿ ನೋಡಬೇಕು, ಗ್ರೀಸ್ ಹೊತ್ತಿಗೆ ಸರಿಯಾಗಿ ಹೊಡೆಯಬೇಕು, ಬ್ರೇಕ್ ಆಯಿಲ್ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಓಡಿಸುತ್ತಿರಬೇಕು. ಶೆಡ್ಡಿನಲ್ಲಿ ನಿಂತ ಕಾರು ಓಡುವ ಕಾರಿಗಿಂತ ಬೇಗ ಸಾಯುತ್ತದೆ. ಪೆಟ್ರೋಲು ಅಂಟಾಗುತ್ತದೆ, ರಬ್ಬರು ಸೀಳುತ್ತದೆ, ಬ್ರೇಕಿನ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ಇಷ್ಟಾದರೂ ಇವು ಉಳಿದದ್ದು ಹೇಗೆ? ಕಿಂಬರನ ಹಳೇ ಲೆಕ್ಕದಿಂದಲೇ. ಸಾಮಾನ್ಯರ ಕಾರಿನ ಸಾಮಾನು, ಬಿಚ್ಚಿ ಜೋಡಿಸಲು ಬರುವ ಕೆಲಸ. ತಲೆ ಇದ್ದ ಮೆಕ್ಯಾನಿಕ್ ಯಾವ ಊರಲ್ಲಿದ್ದರೂ ಸಾಕು. 1955ರ ಎಂ.ಜಿ.ಎ. ಎಂಬ ಮುಂದಿನ ಕಾರಿನ 1,489 ಸಿ.ಸಿ. ಎಂಜಿನ್ನೂ, ಮುಂದೆ ನಮ್ಮ ಅಂಬಾಸಿಡರ್‌ಗೆ ಬಂದ ಎಂಜಿನ್ನೂ ಒಂದೇ ಕುಟುಂಬದವು. ದೊಡ್ಡ ಸಾಹುಕಾರರ ಎಷ್ಟೋ ಕಾರುಗಳು ಸಾಮಾನು ಸಿಗದೆ ಗುಜರಿಗೆ ಹೋದವು. ಕುಳ್ಳ ಉಳಿಯಿತು.

ಹೆಸರು ಹಾಕಿದವರು ಯಾರು?

ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದಕ್ಕೆ ಮೊದಲು ಎಂ.ಜಿ.ಬಿ. ಎಂಬ ಒಂದೇ ಮಾದರಿಯ 5 ಲಕ್ಷಕ್ಕೂ ಮಿಕ್ಕಿ ಕಾರುಗಳು ಅಲ್ಲಿಂದ ಹೊರಬಂದಿದ್ದವು. ಬಿಲ್ಲೆಯ ಒಡೆತನ ಒಬ್ಬರಿಂದ ಒಬ್ಬರಿಗೆ ಹೋಯಿತು. ಬ್ರಿಟಿಷ್ ಲೇಲ್ಯಾಂಡ್, ರೋವರ್, ಜರ್ಮನಿಯ ಬಿ.ಎಂ.ಡಬ್ಲ್ಯು., 2005ರಲ್ಲಿ ಮಾಲೀಕ ಕಂಪೆನಿಯೇ ದಿವಾಳಿ, ಅಲ್ಲಿಂದ ಚೀನಾ. ಧಣಿ ನಫೀಲ್ಡ್ 1963ರಲ್ಲೇ ತೀರಿಕೊಂಡಿದ್ದ. ಅವನಿಗೆ ಮಕ್ಕಳಿರಲಿಲ್ಲ.

ಇಷ್ಟು ಜನ ಮಾಲೀಕರು ಬಂದು ಹೋದರೂ ಹಳೇ ಕಾರುಗಳನ್ನು ಉಳಿಸಿದವರು ಅವರಲ್ಲ. ಸಂಬಳ ಉಳಿಸಿ ಕೊಂಡವರು, ಅಪ್ಪನಿಂದ ಬಂದದ್ದನ್ನು ಬಿಡದವರು, ಗುಜರಿಯಿಂದ ಎತ್ತಿ ತಂದು ರಾತ್ರಿಯೆಲ್ಲಾ ಕೂತು ಕಟ್ಟಿದವರು ಉಳಿಸಿದರು. ನಮ್ಮ ದೇಶದ ಹಳೇ ಕಾರುಗಳ ರ‍್ಯಾಲಿಗಳಲ್ಲೂ ಆ ಎಂಟು ಮೂಲೆಯ ಬಿಲ್ಲೆ ಹೊತ್ತ ಪುಟ್ಟ ಕಾರು ಕಾಣುವುದುಂಟು. ಮುಂದಿನ ಸಲ ಕಂಡರೆ ಒಂದು ನಿಮಿಷ ನಿಂತು ನೋಡಿ.

1930ರಲ್ಲಿ ಕಾರು ಕೊಂಡವರೇ ಕಟ್ಟಿದ ಎಂ.ಜಿ. ಕಾರ್ ಕ್ಲಬ್ ಇವತ್ತಿಗೂ ಇದೆ. ಅದರ ಮುಖ್ಯ ಕಚೇರಿ ಇರುವುದು ಅದೇ ಅಬಿಂಗ್ಡನ್ನಿನಲ್ಲಿ. ಕಂಪೆನಿ ಯಾವ ಕಾರಿನ ಬಿಲ್ಲೆಯ ಮೇಲೂ ಮ್ಯಾನೇಜರನ ಹೆಸರು ಬರೆಯಲಿಲ್ಲ. ಕಾರು ಸಾಕಿದ ಜನ ಬರೆದರು. ಆ ಕಚೇರಿಯ ಹೆಸರು ಕಿಂಬರ್ ಹೌಸ್.